ಮನೆತನದ ಚರಿತ್ರೆ: ಓಲೆಗರಿಯಿಂದ ಅಂತರ್ಜಾಲದವರೆಗೆ

೧

ಶ್ರೀಮಠದ ಮಹೋತ್ಸವದ ಸ್ಮರಣಸಂಪುಟಕ್ಕೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಪೂಜ್ಯ ಶ್ರೀಗಳವರಿಂದ ಅಪ್ಪಣೆಯಾದಾಗ, ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂಬ ವಿಚಾರದಲ್ಲಿ ಕೆಲವು ದಿನ ಕಳೆದೆನು. ಶ್ರೀಮಠದ ಗುರುಪರಂಪರೆಯನ್ನೂ, ಲಿಂಗೈಕ್ಯ ಪೂಜ್ಯರ ತಪಸ್ಸನ್ನೂ, ದಾಸೋಹದ ಮಹಿಮೆಯನ್ನೂ ಬಲ್ಲ ವಿದ್ವಾಂಸರು ಈ ಸಂಪುಟದಲ್ಲಿಯೇ ವಿಸ್ತಾರವಾಗಿ ಬರೆಯುವವರಿದ್ದಾರೆ. ಆದರೆ ಮಠವೆಂದರೆ ಪೀಠವೊಂದೇ ಅಲ್ಲ. ಹೊಲದಲ್ಲಿ ಬೆಳೆದ ಮೊದಲ ಕಾಳನ್ನು ಚೀಲ ಕಟ್ಟಿ ಮಠದ ಕಣಜಕ್ಕೆ ತಂದು ಸುರಿದ ಒಕ್ಕಲಿನವರು, ತೇರಿನ ಹಗ್ಗಕ್ಕೆ ಹೆಗಲು ಕೊಟ್ಟವರು, ಪ್ರಸಾದದ ಮನೆಯಲ್ಲಿ ಬೆಳಗಿನ ಜಾವಕ್ಕೆ ಎದ್ದು ರೊಟ್ಟಿ ತಟ್ಟಿದ ತಾಯಂದಿರು, ಇವರೆಲ್ಲರೂ ಕೂಡಿ ಮಠವಾಗಿದ್ದಾರೆ. ಪೀಠದ ಚರಿತ್ರೆಯನ್ನು ಬರೆಯಲು ಪುರಾಣಗಳುಂಟು, ಶಾಸನಗಳುಂಟು. ಈ ಮನೆತನಗಳ ಚರಿತ್ರೆಯನ್ನು ಬರೆದಿಟ್ಟವರಾರು? ಈ ಪ್ರಶ್ನೆಯನ್ನೇ ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವೆನು.

ಈ ಪ್ರಶ್ನೆಯು ನನ್ನಲ್ಲಿ ತಾನಾಗಿ ಹುಟ್ಟಿದ್ದಲ್ಲ. ಕೆಲವು ವರ್ಷಗಳ ಹಿಂದೆ ಶ್ರಾವಣಮಾಸದ ಪುರಾಣಕ್ಕೆ ಪರದೇಶದಿಂದ ಒಬ್ಬ ತರುಣ ಭಕ್ತನು ಬಂದಿದ್ದನು. ಅವನ ಅಜ್ಜನ ಕಾಲಕ್ಕೆ ಊರು ಬಿಟ್ಟ ಮನೆತನವದು. ಪ್ರಸಾದವಾದ ಮೇಲೆ ಗ್ರಂಥಾಲಯದ ಬಾಗಿಲಲ್ಲಿ ನಿಂತು, "ಶಾಸ್ತ್ರಿಗಳ, ನಮ್ಮ ಮುತ್ಯಾನ ತಂದಿ-ತಾಯಿ ಹೆಸರು ಮಠದಾಗ ಎಲ್ಯಾರೆ ಸಿಗ್ತೈತೇನ್ರಿ?" ಎಂದು ಕೇಳಿದನು. "ಹುಡುಕೋಣ ಬಾ, ತಮ್ಮಾ" ಎಂದು ಒಳಗೆ ಕರೆದು, ದಾಸೋಹದ ಹಳೆಯ ಜಮಾಖರ್ಚಿನ ವಹಿಗಳನ್ನು ಇಳಿಸಿದೆನು. ಎರಡು ದಿನ ಹುಡುಕಿದ ಮೇಲೆ ಒಂದು ಹಾಳೆಯಲ್ಲಿ ಆ ಮನೆತನದ ಅಡ್ಡಹೆಸರು ದೊರೆಯಿತು. ಜಾತ್ರೆಯ ಲೆಕ್ಕದಲ್ಲಿ ಹಿರಿಯನ ಹೆಸರಿನ ಮುಂದೆ ಜೋಳ ಎರಡು ಚೀಲವೆಂದು ಬರೆದಿತ್ತು. ಅದರ ಕೆಳಗೆ "ಸದರಿಯವರ ಮನೆಯವರಿಂದ ಬೆಣ್ಣೆ" ಎಂದಿತ್ತು. ಆ ಮನೆಯಾಕೆಯ ಹೆಸರಿರಲಿಲ್ಲ. ತರುಣನು ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತನು. ಮುಂದಿನ ವಹಿಯಲ್ಲಾದರೂ ಇದ್ದೀತೆಂದು ಕೇಳಿದನು. ಮುಂದಿನ ವಹಿಯು ಇರಲಿಲ್ಲ.

ಅದು ಏಕೆ ಇರಲಿಲ್ಲವೆಂಬುದನ್ನು ನಾನು ಬಲ್ಲೆನು. ಪಾಠಶಾಲೆಯಲ್ಲಿ ಕಿರಿಯ ವಿದ್ಯಾರ್ಥಿಯಾಗಿದ್ದಾಗ, ಒಂದು ಹಬ್ಬದ ಮುಂಚೆ ಅಟ್ಟವನ್ನು ಸ್ವಚ್ಛಮಾಡುವ ಕೆಲಸವು ನಮ್ಮ ಪಾಲಿಗೆ ಬಂದಿತ್ತು. ಗೆದ್ದಲು ಹತ್ತಿದ ಕೆಲವು ಕಟ್ಟುಗಳಿದ್ದವು; ಬಹಳಷ್ಟು ಮೋಡಿಯ ಬರಹ. ನಮ್ಮಲ್ಲಿ ಯಾರೂ ಅದನ್ನು ಓದಲರಿಯೆವು. ಓದಲು ಬಾರದ್ದು ನಿರುಪಯೋಗಿಯೆಂದು ಬಗೆದು, ಹಳೆಯ ಬರಹವನ್ನು ತುಳಿಯಬಾರದೆಂಬ ಭಕ್ತಿಯಿಂದ, ಅವುಗಳನ್ನೆಲ್ಲ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ ಹೊಳೆಗೆ ಬಿಟ್ಟೆವು. ಆ ಬುಟ್ಟಿಯನ್ನು ಹೊತ್ತವರಲ್ಲಿ ನಾನೂ ಒಬ್ಬನು. ಆದುದರಿಂದ ಈ ಲೇಖನವನ್ನು ಭಕ್ತರು ಒಂದು ಪ್ರಾಯಶ್ಚಿತ್ತವೆಂದು ತಿಳಿದರೂ ತಪ್ಪಲ್ಲ.

೨. ಶಿಲೆಯಲ್ಲಿ ಉಳಿದ ಮನೆತನ

ಮನೆತನದ ಚರಿತ್ರೆಯು ಮನೆಯವರಿಗೆ ಮಾತ್ರ ಬೇಕಾದದ್ದು, ಲೋಕಕ್ಕೆ ಅದರಿಂದೇನು ಪ್ರಯೋಜನವೆಂದು ಕೇಳುವವರುಂಟು. ಇದಕ್ಕೆ ನಮ್ಮ ನಾಡಿನ ಶಿಲಾಶಾಸನಗಳೇ ಉತ್ತರವನ್ನು ಕೊಡುವವು. ಶಿವಮೊಗ್ಗೆಯ ಸೀಮೆಯ ತಾಳಗುಂದದ ಸ್ತಂಭಶಾಸನವು ಕದಂಬರ ಮನೆತನದ ಕಥೆಯೇ ಆಗಿರುವದು. ವೇದಾಧ್ಯಯನಕ್ಕಾಗಿ ಕಂಚಿಗೆ ಹೋದ ಮಯೂರಶರ್ಮನು ಅಲ್ಲಿ ಅವಮಾನಿತನಾಗಿ, ದರ್ಭೆಯನ್ನು ಬಿಟ್ಟು ಖಡ್ಗವನ್ನು ಹಿಡಿದ ವೃತ್ತಾಂತವನ್ನು ಆ ಕಂಬವು ಹೇಳದಿದ್ದರೆ, ಕನ್ನಡನಾಡಿನ ಮೊದಲ ಅರಸುಮನೆತನದ ಮೂಲವು ಇಷ್ಟು ಸ್ಪಷ್ಟವಾಗಿ ನಮಗೆ ತಿಳಿಯುತ್ತಿರಲಿಲ್ಲ.

ಅರಸರ ಮಾತು ಹಾಗಿರಲಿ. ನಮಗೆ ಇನ್ನೂ ಹತ್ತಿರದ, ಇನ್ನೂ ಪವಿತ್ರವಾದ ನಿದರ್ಶನವೊಂದುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶಾಸನಜ್ಞರಾದ ಜೆ. ಎಫ್. ಫ್ಲೀಟರು ಅಬ್ಬಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯನ ಚರಿತ್ರೆಯನ್ನು ಕಂಡು, ಶೈವಧರ್ಮದ ಪುನರುಜ್ಜೀವನಕ್ಕೆ ಆತನೇ ಕಾರಣಪುರುಷನಾಗಿರಬಹುದೆಂದು ಊಹಿಸಿದರು. ಬಸವಣ್ಣನವರ ಹೆಸರು ಪುರಾಣಗಳಲ್ಲಿ ಮಾತ್ರ ಕಾಣುವದು, ಶಾಸನಗಳಲ್ಲಿ ಕಾಣದು ಎಂಬ ಮಾತು ಆಗ ವಿದ್ವಾಂಸರಲ್ಲಿ ಕೇಳಿಬರುತ್ತಿತ್ತು. ಆ ಸಂಶಯವನ್ನು ಕಳೆದದ್ದು ಯಾವ ಅರಸನ ಬಿರುದಾವಳಿಯೂ ಅಲ್ಲ. ಒಂದು ಮನೆತನದ ವಂಶಾವಳಿ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿರುವ ಕ್ರಿ.ಶ. ೧೨೬೦ರ ಶಾಸನವು, ಸೇವುಣ ಅರಸನಾದ ಕನ್ನರನ ಕಾಲದ್ದು. ಅದು ಹಾಲಬಸವಿದೇವನೆಂಬ ಶಿವಭಕ್ತನಿಗೆ ಸಂಬಂಧಿಸಿದ ದಾನವನ್ನು ಹೇಳುವಾಗ ಅವನ ಹಿರಿಯರನ್ನು ಹೆಸರಿಸುವದು. ಅಲ್ಲಿ ಬಾಗೆವಾಡಿಯ ಮಾದಿರಾಜನ ಮಗನಾದ ಬಸವರಾಜನ ಹೆಸರಿರುವದು. ಬಸವಣ್ಣನವರ ಅಣ್ಣನಾದ ದೇವರಾಜಮುನಿಪನ ಹೆಸರೂ, ಅವನ ಸಂತತಿಯ ಹೆಸರುಗಳೂ ಇರುವವು.

ಭಕ್ತರು ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕಲ್ಯಾಣದ ಕ್ರಾಂತಿಯಾಗಿ ತೊಂಬತ್ತು ವರ್ಷಗಳು ಕಳೆದಿದ್ದವು. ಶರಣರು ದಿಕ್ಕುದಿಕ್ಕಿಗೆ ಚದರಿದ್ದರು. ಆಗ ಒಂದು ಮನೆತನದವರು ತಮ್ಮ ಹಿರಿಯರು ಇಂಥವರೆಂದು ನೆನಪಿಟ್ಟಿದ್ದರು. ಕೇವಲ ನೆನಪಿಟ್ಟಿದ್ದರೆ ಆ ನೆನಪು ಅವರೊಡನೆಯೇ ಮಣ್ಣಾಗುತ್ತಿತ್ತು. ಅದು ಕಲ್ಲಿಗೆ ಇಳಿಯಿತು. ಆರುನೂರು ವರ್ಷಗಳಿಗೂ ಹೆಚ್ಚು ಕಾಲ ಆ ಕಲ್ಲು ಯಾರಿಗೂ ಬೇಡವಾಗಿ ನಿಂತಿತ್ತು. ಬೇಕಾದ ದಿವಸ ಸಾಕ್ಷಿ ನುಡಿಯಿತು. ಮನೆತನದ ಬರಹವು ಯಾವ ದಿವಸ ಯಾವ ಸತ್ಯಕ್ಕೆ ಸಾಕ್ಷಿಯಾಗುವದೆಂಬುದನ್ನು ಬರೆಯುವವನು ತಾನು ಅರಿಯನು. ಅದಕ್ಕಾಗಿಯೇ ಬರೆಯಬೇಕು.

೩. ಹೆಳವರ ಹೊತ್ತಿಗೆ

ಸಾಮಾನ್ಯ ಒಕ್ಕಲಿಗನು ಶಿಲೆಯನ್ನು ಕಡೆಸಲಾರನು. ಅವನ ಮನೆತನವನ್ನು ಕಾಯಲು ನಮ್ಮ ನಾಡು ಬೇರೊಂದು ವ್ಯವಸ್ಥೆಯನ್ನು ಮಾಡಿಕೊಂಡಿತ್ತು. ಸುಗ್ಗಿ ಮುಗಿದು ಕಣದಲ್ಲಿ ರಾಶಿಯಾದ ಕಾಲಕ್ಕೆ, ಎತ್ತಿನ ಮೇಲೆ ಕುಳಿತು, ಕಾಲುಗಳ ಮೇಲೆ ಕಂಬಳಿಯನ್ನು ಹೊದ್ದು, ಗಂಟೆಯ ಸಪ್ಪಳದೊಡನೆ ಊರನ್ನು ಹೊಗುತ್ತಿದ್ದ ಹೆಳವನನ್ನು ಐವತ್ತು ದಾಟಿದ ಭಕ್ತರೆಲ್ಲರೂ ಕಂಡಿರಬಹುದು. ೧೯೦೯ರಲ್ಲಿ ಪ್ರಕಟವಾದ ದಕ್ಷಿಣಹಿಂದುಸ್ಥಾನದ ಜಾತಿಗಳನ್ನು ಕುರಿತ ತಮ್ಮ ಏಳು ಸಂಪುಟಗಳ ಗ್ರಂಥದಲ್ಲಿ ಎಡ್ಗರ್ ಥರ್ಸ್ಟನ್ನರು ಈ ಹೆಳವರನ್ನು ಗ್ರಾಮಚರಿತ್ರೆಯ ರಕ್ಷಕರೆಂದು ಬಣ್ಣಿಸಿರುವರು.

ಹೆಳವನು ಕಟ್ಟೆಯ ಮುಂದೆ ನಿಂತು ಮನೆಯ ಯಜಮಾನನ ಹೆಸರು ಹಿಡಿದು, ಅವನ ತಂದೆ, ಅಜ್ಜ, ಮುತ್ತಜ್ಜ ಎಂದು ಮೇಲಕ್ಕೆ ಏರುವನು; ಮೂಲಪುರುಷನು ಯಾವ ಊರಿಂದ ಬಂದನು, ಬರಗಾಲದಲ್ಲಿ ಎಲ್ಲಿ ನಿಂತನು, ಅಣ್ಣತಮ್ಮಂದಿರು ಹೇಗೆ ಪಾಲಾದರು, ಬೆಡಗು ಯಾವದು, ಮನೆದೇವರು ಯಾವದು ಎಂಬುದನ್ನೆಲ್ಲ ಹಾಡಿನ ಧಾಟಿಯಲ್ಲಿ ಹೇಳುವನು. ಹೊಸದಾಗಿ ಹುಟ್ಟಿದ ಕೂಸುಗಳ ಹೆಸರನ್ನು ಕೇಳಿ ಬರೆದುಕೊಳ್ಳುವನು. ಮೊದಲು ಓಲೆಗರಿ, ತಾಮ್ರಪಟಗಳಲ್ಲಿದ್ದ ಈ ಬರಹಗಳು ಆಮೇಲೆ ಕಾಗದದ ಹೊತ್ತಿಗೆಗಳಿಗೆ ಬಂದವು. ಕಾಳು, ಬಟ್ಟೆ, ಕೆಲವೊಮ್ಮೆ ಒಂದು ಕರು ಅವನಿಗೆ ಸಲ್ಲುವ ಮರ್ಯಾದೆ. ಪಾಲು-ಪಟ್ಟಿಯ ವ್ಯಾಜ್ಯ ಬಂದಾಗ, ಸಂಬಂಧ ಕೂಡಿಸುವಾಗ ಒಂದೇ ಬೆಡಗಿನವರೋ ಅಲ್ಲವೋ ಎಂಬ ಸಂಶಯ ಬಂದಾಗ, ಹಿರಿಯರು ಹೆಳವನ ಮಾತನ್ನು ಪ್ರಮಾಣವಾಗಿ ಹಿಡಿಯುತ್ತಿದ್ದರು.

ಈ ವ್ಯವಸ್ಥೆಗೆ ಒಂದು ಆಧಾರವಿತ್ತು: ಮನೆತನವು ಇದ್ದ ಊರಿನಲ್ಲಿಯೇ ಇರಬೇಕು, ಹೆಳವನ ಮಗನು ಹೆಳವನೇ ಆಗಬೇಕು. ಈಗ ಎರಡೂ ಉಳಿದಿಲ್ಲ. ಹೆಳವರ ಮಕ್ಕಳು ಶಾಲೆ ಕಲಿತು ಬೇರೆ ಉದ್ಯೋಗಗಳಿಗೆ ಹೋಗಿರುವರು. ಅದು ಸಂತೋಷದ ಸಂಗತಿಯೇ ಸರಿ. ಮನೆತನಗಳೂ ಚದರಿರುವವು. ೧೯೬೪ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರಿಗೆ ಕೃಷ್ಣಾ-ಘಟಪ್ರಭೆಗಳ ದಂಡೆಯ ಎಷ್ಟು ಊರುಗಳು ಹೋದವೆಂಬುದನ್ನು ಆ ಸೀಮೆಯ ಭಕ್ತರು ಬಲ್ಲರು. ಬಾಗಲಕೋಟೆಯ ಹಳೆಯ ಪಟ್ಟಣದ ಓಣಿಗಳೇ ನೀರಿಗೆ ಸೇರಿ, ಜನರು ನವನಗರಕ್ಕೆ ನಡೆದರು. ಎತ್ತನ್ನೇರಿ ಬಂದ ಹೆಳವನು ಯಾವ ಬಾಗಿಲಲ್ಲಿ ನಿಲ್ಲಬೇಕು? ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ನೀರು ಮುಟ್ಟಬಾರದೆಂದು ಸುತ್ತಲೂ ಬಾವಿಯಂತೆ ಗೋಡೆಯನ್ನು ಕಟ್ಟಿ ಕಾಪಾಡಿದರು. ಇಂದಿಗೂ ಭಕ್ತರು ಮೆಟ್ಟಿಲಿಳಿದು ದರ್ಶನ ಪಡೆಯುವರು. ಆದರೆ ಮುಳುಗಿದ ಊರುಗಳ ಮನೆತನಗಳ ನೆನಪಿಗೆ ಅಂಥ ಗೋಡೆಯನ್ನು ಯಾರೂ ಕಟ್ಟಲಿಲ್ಲ. ಮನೆಯ ಪರಿಹಾರದ ಲೆಕ್ಕವಾಯಿತು, ಗಿಡಮರಗಳ ಲೆಕ್ಕವಾಯಿತು. ಜಗಲಿಯ ಮೇಲಿನ ಮಾತುಗಳ ಲೆಕ್ಕವಾಗಲಿಲ್ಲ.

೪. ಓಲೆ, ಕಡತ, ಮೋಡಿ

ಬರೆದಿಟ್ಟದ್ದೆಲ್ಲ ಉಳಿಯುವದೆಂಬ ಭರವಸೆಯೂ ಇಲ್ಲ. ನಮ್ಮ ಹಿರಿಯರು ತಾಳೆಯ ಗರಿಯನ್ನು ಹದಮಾಡಿ, ಕಂಟದಿಂದ ಕೊರೆದು, ಮಸಿಯನ್ನು ತಿಕ್ಕಿ ಅಕ್ಷರವನ್ನು ಎಬ್ಬಿಸುತ್ತಿದ್ದರು. ಲೆಕ್ಕಪತ್ರಗಳಿಗೆ ಕಡತವನ್ನು ಬಳಸುತ್ತಿದ್ದರು. ಕಡತವೆಂದರೆ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುವ ಹೊತ್ತಿಗೆ. ಇಂದು ಕಚೇರಿಗಳಲ್ಲಿ ಕಾಗದಗಳ ಕಟ್ಟಿಗೆ ಕಡತವೆನ್ನುವರು. ಹೆಸರು ಉಳಿಯಿತು, ವಸ್ತು ಹೋಯಿತು. ಓಲೆಯ ಆಯುಷ್ಯವು ಚೆನ್ನಾಗಿ ಕಾಪಾಡಿದರೆ ಕೆಲವು ಶತಮಾನಗಳು. ಕಾಪಾಡದಿದ್ದರೆ ಒಂದು ಮಳೆಗಾಲವೇ ಸಾಕು. ಆದುದರಿಂದಲೇ ಪ್ರತಿಕಾರನು ಗ್ರಂಥದ ಕೊನೆಯಲ್ಲಿ, ಎಣ್ಣೆಯಿಂದಲೂ ನೀರಿನಿಂದಲೂ ಸಡಿಲಾದ ಕಟ್ಟಿನಿಂದಲೂ ಇದನ್ನು ಕಾಯಬೇಕೆಂದು ಮುಂದಿನವರನ್ನು ಬೇಡಿಕೊಳ್ಳುವ ವಾಡಿಕೆಯಿತ್ತು.

ಬರಹವು ಉಳಿದರೂ ಓದುವವರು ಉಳಿಯದಿದ್ದರೆ ಆಗುವದೇನೆಂಬುದಕ್ಕೆ ಮೋಡಿಯೇ ಸಾಕ್ಷಿ. ಪೇಶವೆಯವರ ಕಾಲದಿಂದ ನಮ್ಮ ಉತ್ತರದ ಜಿಲ್ಲೆಗಳಲ್ಲಿ ದೇಸಗತಿ, ಗೌಡಕಿ, ಕುಲಕರ್ಣಿಕೆಗಳ ಕಾಗದಗಳು ಬಹುಮಟ್ಟಿಗೆ ಮೋಡಿಯಲ್ಲಿಯೇ ನಡೆದವು. ಆ ಕಾಗದಗಳ ಬೆಲೆಯು ಒಮ್ಮೆ ಎಷ್ಟಿತ್ತೆಂಬುದನ್ನು ಇನಾಮು ಕಮಿಶನ್ನಿನ ಚರಿತ್ರೆಯು ಹೇಳುವದು. ೧೮೫೨ರ ಹನ್ನೊಂದನೆಯ ಕಾಯದೆಯ ಮೇರೆಗೆ ಮುಂಬಯಿ ಇಲಾಖೆಯಲ್ಲಿ ಇನಾಮುದಾರರ ಹಕ್ಕುಗಳ ವಿಚಾರಣೆ ನಡೆಯಿತು. ಸನದು-ಪತ್ರಗಳನ್ನು ತೋರಿಸಲಾರದೆ ತಲೆಮಾರುಗಳಿಂದ ಉಂಡುಬಂದ ಭೂಮಿಯನ್ನು ಕಳೆದುಕೊಂಡವರು ಬಹಳ ಜನ. ಕಾಗದವಿದ್ದವನ ಮನೆಯು ನಿಂತಿತು, ಕಾಗದವಿಲ್ಲದವನ ಮನೆಯು ಬಿದ್ದಿತು. ಇಂದು ಅಂಥ ಕಾಗದಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡ ಮನೆಗಳುಂಟು. ಮೊಮ್ಮಕ್ಕಳಿಗೆ ಅವು ಕೇವಲ ಗೀರುಗಳು. ನಾವು ಪಾಠಶಾಲೆಯ ಹುಡುಗರು ಹೊಳೆಗೆ ಬಿಟ್ಟದ್ದು ಅಂಥ ಗೀರುಗಳನ್ನೇ.

೫. ಹಲವು ಪ್ರತಿಗಳ ಬಲ

ಹೀಗೆ ಕಲ್ಲು ಎಲ್ಲರಿಗೂ ಸಿಗದು, ಕಂಠವು ವ್ಯಕ್ತಿಯೊಡನೆ ಹೋಗುವದು, ಓಲೆಯು ಹುಳಕ್ಕೆ ಆಹಾರವಾಗುವದು. ಹೀಗಿರಲು ನಮ್ಮ ವಚನವಾಙ್ಮಯವು ಎಂಟುನೂರು ವರ್ಷ ಹೇಗೆ ಉಳಿಯಿತು? ಈ ಪ್ರಶ್ನೆಯಲ್ಲಿಯೇ ನಮ್ಮ ಇಂದಿನ ಸಮಸ್ಯೆಗೂ ಉತ್ತರವಿರುವದು.

ವಚನಗಳು ಒಂದೇ ಭಂಡಾರದಲ್ಲಿ ಇದ್ದುದರಿಂದ ಉಳಿಯಲಿಲ್ಲ. ಹಲವು ಮನೆಗಳಲ್ಲಿ ಹಲವು ಪ್ರತಿಗಳಾಗಿ ಇದ್ದುದರಿಂದ ಉಳಿದವು. ಕಲ್ಯಾಣವನ್ನು ಬಿಟ್ಟು ಉಳವಿಯ ಕಡೆಗೆ ನಡೆದ ಶರಣರು ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಹೋದರೆಂದು ಸಂಪ್ರದಾಯವು ಹೇಳುವದು. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿಯೂ ಆಮೇಲೆಯೂ, ವಿರಕ್ತರು ಅವುಗಳನ್ನು ಹುಡುಕಿ, ಸಂಕಲಿಸಿ, ಮತ್ತೆ ಪ್ರತಿ ಮಾಡಿಸಿದರು. ಶಿವಗಣಪ್ರಸಾದಿ ಮಹದೇವಯ್ಯಗಳು ಶೂನ್ಯಸಂಪಾದನೆಯನ್ನು ಕಟ್ಟಿದ್ದು ಆ ಕಾಲದಲ್ಲಿಯೇ. ಅಂದಿನಿಂದ ಮಠಗಳಲ್ಲಿಯೂ ಗೃಹಸ್ಥರ ಜಗಲಿಗಳ ಮೇಲೆಯೂ ಓಲೆಯ ಕಟ್ಟುಗಳು ಪೂಜೆಗೊಳ್ಳುತ್ತ ಉಳಿದವು.

ಪೂಜೆಯಿಂದ ಕಾಪಾಡಿದಂತಾಯಿತು ನಿಜ, ಆದರೆ ಬಿಚ್ಚಿ ಓದುವವರು ಕಡಿಮೆಯಾದರು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಆ ಕಟ್ಟುಗಳನ್ನು ಬಿಚ್ಚಿಸಿದರು. ಊರೂರು ತಿರುಗಿ, ಮನೆಮನೆಯ ಹಿರಿಯರನ್ನು ಬೇಡಿ, ಓಲೆಗಳನ್ನು ಸಂಗ್ರಹಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ, ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನೂ ಆರಂಭಿಸಿದರು. ಈ ಕಾರ್ಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರೆಂಬುದು ಲೋಕವಿದಿತವಾಗಿದೆ. ಆಮೇಲೆ ಸರಕಾರವು ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳನ್ನು ಹದಿನೈದು ಭಾಗಗಳಲ್ಲಿ ಹೊರತಂದಿತು. ಈಗ ಅಂತರ್ಜಾಲದಲ್ಲಿ 'ವಚನ ಸಂಚಯ'ವೆಂಬ ತಾಣವುಂಟು. ಒಂದು ಶಬ್ದವನ್ನು ಬರೆದರೆ, ಅದು ಯಾವ ಯಾವ ಶರಣರ ವಚನಗಳಲ್ಲಿ ಬಂದಿದೆಯೆಂಬುದನ್ನು ಕ್ಷಣಮಾತ್ರದಲ್ಲಿ ತೋರಿಸುವದು. ಪಾಠಶಾಲೆಯಲ್ಲಿ ನಾವು ಒಂದು ಶಬ್ದದ ಪ್ರಯೋಗಕ್ಕಾಗಿ ವಾರಗಟ್ಟಲೆ ಹಾಳೆ ತಿರುವುತ್ತಿದ್ದೆವು. ಮೊದಲ ಸಲ ಇದನ್ನು ನನಗೆ ತೋರಿಸಿದ ನಮ್ಮ ಪಾಠಶಾಲೆಯ ವಿದ್ಯಾರ್ಥಿಗೆ ನಾನು ಮನಸ್ಸಿನಲ್ಲಿಯೇ ಶರಣೆಂದೆನು.

ಓಲೆಯಿಂದ ಮುದ್ರಣಕ್ಕೆ, ಮುದ್ರಣದಿಂದ ಅಂತರ್ಜಾಲಕ್ಕೆ ವಚನಗಳು ನಡೆದ ಈ ದಾರಿಯಲ್ಲಿ ನಮ್ಮ ಮನೆತನಗಳ ಚರಿತ್ರೆಯೂ ಏಕೆ ನಡೆಯಬಾರದು?

೬. ಅಂತರ್ಜಾಲದ ಗುಣದೋಷಗಳು

ಈ ಕಾರ್ಯವನ್ನು ಪರದೇಶದವರು ಬಹುಕಾಲದಿಂದ ಮಾಡುತ್ತ ಬಂದಿರುವರು. ಅಮೇರಿಕದ ಯೂಟಾ ಪ್ರಾಂತದಲ್ಲಿ ಕ್ರೈಸ್ತರ ಒಂದು ಪಂಥದವರು ೧೮೯೪ರಲ್ಲಿ ವಂಶಾವಳಿಗಳ ಸಂಘವನ್ನು ಸ್ಥಾಪಿಸಿದರು. ೧೯೩೮ರಿಂದ ಅವರು ದೇಶದೇಶಗಳ ಹುಟ್ಟು-ಸಾವು-ವಿವಾಹಗಳ ದಾಖಲೆಗಳನ್ನು ಸೂಕ್ಷ್ಮಚಿತ್ರಗಳಲ್ಲಿ ತೆಗೆಯತೊಡಗಿ, ಪರ್ವತವನ್ನು ಕೊರೆದು ಮಾಡಿದ ಭಂಡಾರದಲ್ಲಿ ಇಟ್ಟರು. ಇಪ್ಪತ್ತನಾಲ್ಕು ಲಕ್ಷ ಸುರುಳಿಗಳಷ್ಟು ಬೆಳೆದ ಈ ಸಂಗ್ರಹವನ್ನು ಗಣಕಯಂತ್ರಕ್ಕೆ ಇಳಿಸುವ ಕೆಲಸವು ೨೦೨೧ರಲ್ಲಿ ಪೂರ್ಣವಾಯಿತು. ೧೯೯೯ರಲ್ಲಿ ತೆರೆದ ಅವರ 'ಫ್ಯಾಮಿಲಿ ಸರ್ಚ್' ಎಂಬ ತಾಣವನ್ನು ಯಾರೂ ಹಣ ಕೊಡದೆ ನೋಡಬಹುದು. ನಮ್ಮ ದೇಶದ ಹರಿದ್ವಾರದ ಪಂಡರು ಯಾತ್ರಿಕರ ಮನೆತನಗಳನ್ನು ತಲೆಮಾರುಗಳಿಂದ ಬರೆದಿಟ್ಟ ವಹಿಗಳ ಚಿತ್ರಗಳೂ ಆ ಸಂಗ್ರಹದಲ್ಲಿ ಸೇರಿರುವವು. ಗಂಗೆಯ ದಂಡೆಯ ವಹಿಗೆ ಯೂಟಾದ ಪರ್ವತದಲ್ಲಿ ಆಶ್ರಯ ದೊರೆಯಿತು. ಕೃಷ್ಣೆಯ ದಂಡೆಯ ಹೆಳವನ ಹೊತ್ತಿಗೆಗೆ ನಮ್ಮ ಮಠದ ಗ್ರಂಥಾಲಯದಲ್ಲಿಯಾದರೂ ಆಶ್ರಯ ದೊರೆಯಬೇಡವೇ?

ಆದರೆ ಹೊಸದೆಂಬ ಕಾರಣದಿಂದ ಅಂತರ್ಜಾಲವನ್ನು ಅಮೃತವೆಂದು ತಿಳಿಯುವದು ಅವಿವೇಕವಾದೀತು. ಅದರ ದೋಷಗಳನ್ನು ಮೊದಲೇ ತಿಳಿದಿರಬೇಕು.

ಮೊದಲನೆಯದು, ತಾಣಗಳ ಅಲ್ಪಾಯುಷ್ಯ. 'ಜಿಯೋಸಿಟೀಸ್' ಎಂಬ ತಾಣದಲ್ಲಿ ಲಕ್ಷಾವಧಿ ಜನರು ತಮ್ಮ ಮನೆತನದ ಪುಟಗಳನ್ನು ಕಟ್ಟಿಕೊಂಡಿದ್ದರು. ೨೦೦೯ರಲ್ಲಿ ಅದರ ಒಡೆಯರು ಅದನ್ನು ಮುಚ್ಚಿದರು. ನಮ್ಮ ತರುಣರು ಫೋಟೋಗಳನ್ನು ತುಂಬಿಸಿದ್ದ 'ಆರ್ಕುಟ್' ೨೦೧೪ರಲ್ಲಿ ಮುಚ್ಚಿತು. 'ಮೈಸ್ಪೇಸ್' ಎಂಬುದರಲ್ಲಿ ಹಲವು ವರ್ಷಗಳ ಹಾಡು-ಚಿತ್ರಗಳು ಯಂತ್ರವನ್ನು ಬದಲಿಸುವಾಗ ಅಳಿದುಹೋದುವೆಂದು ೨೦೧೯ರಲ್ಲಿ ತಿಳಿದುಬಂದಿತು. ಅರ್ಜುನವಾಡದ ಕಲ್ಲು ಏಳುನೂರರವತ್ತು ವರ್ಷ ಕಳೆದರೂ ನಿಂತಿರುವದು. ಈ ತಾಣಗಳಲ್ಲಿ ಇಟ್ಟದ್ದು ಇಪ್ಪತ್ತು ವರ್ಷವನ್ನೂ ಸರಿಯಾಗಿ ದಾಟಲಿಲ್ಲ.

ಎರಡನೆಯದು, ಅಕ್ಷರದ ಗೊಂದಲ. ಯೂನಿಕೋಡ್ ಎಂಬ ಸರ್ವಮಾನ್ಯ ಸಂಕೇತದಲ್ಲಿ ೧೯೯೧ರಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದರೂ, ನಾವು ಬಹುಕಾಲ ಬೇರೆ ಬೇರೆ ಸಂಸ್ಥೆಗಳ ಬೇರೆ ಬೇರೆ ಅಕ್ಷರಗಳಲ್ಲಿ ಬರೆದೆವು. ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲಿಗೆ ಅರ್ಥವಿಲ್ಲದ ಗುರುತುಗಳು ಕಾಣುವವು. ನಮ್ಮ ಮಠದ ಕೆಲವು ಪ್ರವಚನಗಳ ಟಿಪ್ಪಣಿಗಳಿಗೂ ಇದೇ ಗತಿಯಾಯಿತು. ಇದು ನಮ್ಮ ಕಾಲದ ಮೋಡಿಯಲ್ಲದೆ ಮತ್ತೇನು?

ಮೂರನೆಯದು, ಬೀಗದ ಕೈ. ಅಜ್ಜನ ಪೆಟ್ಟಿಗೆಯ ಬೀಗವನ್ನು ಬಡಿಗನಾದರೂ ಒಡೆಯಬಲ್ಲನು. ಮಗನು ತನ್ನ ಮೊಬೈಲಿನಲ್ಲಿ ಇಟ್ಟ ಚಿತ್ರಗಳ ಪಾಸ್‌ವರ್ಡನ್ನು ಯಾರಿಗೂ ಹೇಳದೆ ಶಿವಾಧೀನನಾದರೆ, ಆ ಭಂಡಾರವನ್ನು ತೆರೆಯುವದು ಬಹಳ ಕಠಿಣ.

ಈ ದೋಷಗಳನ್ನು ನೋಡಿ ಅಂತರ್ಜಾಲವನ್ನೇ ಬಿಡಬೇಕೆನ್ನುವದು, ಹುಳ ಹಿಡಿಯುವದೆಂದು ಓಲೆಯಲ್ಲಿ ಬರೆಯುವದನ್ನೇ ಬಿಟ್ಟಂತಾದೀತು. ಶರಣರ ಪರಂಪರೆಯು ಕಲಿಸಿದ ಉಪಾಯವು ಇಲ್ಲಿಯೂ ಸಲ್ಲುವದು: ಒಂದೇ ಪ್ರತಿಯನ್ನು ನಂಬಬಾರದು, ಒಂದೇ ಸ್ಥಳವನ್ನು ನಂಬಬಾರದು.

೭. ಒಂದು ಶಂಕೆ, ಅದರ ಪರಿಹಾರ

ಇಲ್ಲಿ ಭಕ್ತರಲ್ಲಿ ಒಂದು ಶಂಕೆ ಏಳಬಹುದು. ಕುಲವನ್ನು ಕೇಳಬೇಡಿರೆಂದು ಶರಣರು ಸಾರಿರುವಾಗ, ವಂಶಾವಳಿಯನ್ನು ಬರೆಯಿರೆಂದು ಮಠದವರು ಹೇಳುವದು ಯುಕ್ತವೇ? ದೀಕ್ಷೆಯಾದ ಮೇಲೆ ಪೂರ್ವಾಶ್ರಯವನ್ನು ಎಣಿಸಬಾರದಲ್ಲವೇ? ಈ ಶಂಕೆಯು ಹಗುರಾದದ್ದಲ್ಲ. ನಾನೂ ಬಹಳ ದಿನ ಇದನ್ನು ಮಥಿಸಿರುವೆನು.

ವಂಶಾವಳಿಗಳು ಅಭಿಮಾನಕ್ಕೆ ದಾರಿಯಾಗುವದುಂಟು. ಹಳೆಯ ಕಾಲದಲ್ಲಿ ಹೊಸದಾಗಿ ಏಳಿಗೆಗೆ ಬಂದ ಮನೆತನಗಳು ಸೂರ್ಯಚಂದ್ರರಿಂದ ತಮ್ಮ ಮೂಲವನ್ನು ಬರೆಯಿಸಿಕೊಂಡದ್ದು ಇತಿಹಾಸಜ್ಞರಿಗೆ ಗೊತ್ತಿರುವ ಮಾತು. ಅಂಥ ಬರಹವು ನಮಗೆ ಬೇಡ. ಆದರೆ ಪ್ರಾಮಾಣಿಕವಾಗಿ ಬರೆದ ಮನೆತನದ ಚರಿತ್ರೆಯು ಕುಲಾಭಿಮಾನವನ್ನು ಬೆಳೆಸುವದಕ್ಕಿಂತ ಕಳೆಯುವದೇ ಹೆಚ್ಚು. ನಾಲ್ಕು ತಲೆಮಾರು ಹಿಂದಕ್ಕೆ ಹೋದರೆ ಬರಗಾಲದಲ್ಲಿ ಊರು ಬಿಟ್ಟು ಬಂದು ಪರರ ಹೊಲದಲ್ಲಿ ದುಡಿದ ಅಜ್ಜನು ಕಾಣುವನು. ಸಾಲಕ್ಕಾಗಿ ಎತ್ತನ್ನು ಮಾರಿದವನು ಕಾಣುವನು. ಮಕ್ಕಳಿಲ್ಲದೆ ದತ್ತಕ ತಂದ ಮನೆಯು ಕಾಣುವದು. ಇದನ್ನೆಲ್ಲ ಮುಚ್ಚದೆ ಬರೆದವನಿಗೆ ಗರ್ವಪಡಲು ಆಸ್ಪದವೆಲ್ಲಿ? ಶರಣರ ಹೆಸರುಗಳ ಹಿಂದೆ ಅವರವರ ಕಾಯಕಗಳು ನಿಂತಿರುವವು. ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯರ ಸ್ಮರಣೆಯೊಡನೆ ಅವರ ದುಡಿಮೆಯ ಸ್ಮರಣೆಯೂ ನಮಗೆ ಬಂದಿದೆ. ಆದುದರಿಂದ ನಾವು ಬರೆಯತಕ್ಕದ್ದು ಕುಲದ ಹಿರಿಮೆಯನ್ನಲ್ಲ, ಹಿರಿಯರ ಕಾಯಕ-ದಾಸೋಹಗಳನ್ನು.

ಇನ್ನೊಂದು ಮಾತು ಇದಕ್ಕಿಂತಲೂ ಮಹತ್ವದ್ದು. ನಮ್ಮ ವಂಶಾವಳಿಗಳಲ್ಲಿ ತಂದೆಯಿಂದ ಮಗನಿಗೆ ಗೆರೆ ಎಳೆಯುವ ರೂಢಿಯಿಂದ ತಾಯಂದಿರ ಹೆಸರುಗಳು ಬಿಟ್ಟುಹೋಗಿರುವವು. ಅಕ್ಕಮಹಾದೇವಿ, ನೀಲಾಂಬಿಕೆ, ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕರ ನುಡಿಗಳನ್ನು ಹೆಸರು ಹಿಡಿದು ಕಾಪಾಡಿದ ಪರಂಪರೆಯವರಾದ ನಾವು, ನಮ್ಮ ಮುತ್ತಜ್ಜಿಯ ಹೆಸರನ್ನು ಅರಿಯೆವು. ದಾಸೋಹಕ್ಕೆ ಬೆಣ್ಣೆ ತಂದವಳು "ಮನೆಯವರು" ಎಂಬ ಒಂದು ಶಬ್ದದಲ್ಲಿ ಅಡಗಿಹೋದಳು. ಇಂದು ಬರೆಯುವ ಚರಿತ್ರೆಯಲ್ಲಿ ಈ ತಪ್ಪು ಮರುಕಳಿಸಬಾರದು. ತಾಯಿಯ ಹೆಸರು, ಅವಳ ತವರು, ಅವಳು ಹೇಳುತ್ತಿದ್ದ ಹಾಡು, ಅವಳು ಮಾಡುತ್ತಿದ್ದ ಕೆಲಸ, ಇವೆಲ್ಲವೂ ತಂದೆಯ ಹೆಸರಿನ ಸಮಕ್ಕೆ ಬರಬೇಕು.

೮. ಭಕ್ತರಲ್ಲಿ ಬಿನ್ನಹ

ಹಾಗಾದರೆ ಒಬ್ಬ ಗೃಹಸ್ಥನು ಮಾಡಬೇಕಾದದ್ದೇನು? ನಾನು ಕಂಡುಕೊಂಡಷ್ಟನ್ನು ಇಲ್ಲಿ ನಿವೇದಿಸುವೆನು.

ಮೊಟ್ಟಮೊದಲು, ಮನೆಯ ಹಿರಿಯರ ಮುಂದೆ ಕುಳಿತುಕೊಳ್ಳಬೇಕು. ಕಾಗದವು ಇನ್ನೂ ಹತ್ತು ವರ್ಷ ಇದ್ದೀತು. ಎಂಬತ್ತು ದಾಟಿದ ಅಜ್ಜಿಯು ಇರುವಳೆಂಬ ಭರವಸೆಯಿಲ್ಲ. ಮೊಬೈಲಿನಲ್ಲಿ ಅವಳ ಧ್ವನಿಯನ್ನು ತೆಗೆದುಕೊಳ್ಳಿರಿ. ಅವಳು ಆಡುವ ಮಾತಿನಲ್ಲಿಯೇ ಆಡಲಿ, ತಿದ್ದಬೇಡಿರಿ. ಹುಟ್ಟಿದ ತಾರೀಖನ್ನು ಕೇಳಿದರೆ ಹಿರಿಯರು ಹೇಳಲಾರರು; ಶಾಲೆಯ ದಾಖಲೆಯಲ್ಲಿ ಜೂನ್ ಒಂದೆಂದು ಇದ್ದರೆ, ಅದು ಮಾಸ್ತರರು ಬರೆದ ತಾರೀಖು ಇರಬಹುದೆಂದು ತಿಳಿಯಿರಿ. ಯಾವ ಬರಗಾಲದ ಮುಂದೆ, ಯಾವ ಜಾತ್ರೆಯ ಹಿಂದೆ, ಯಾರ ಲಗ್ನದ ವರ್ಷ ಎಂದು ಕೇಳಿದರೆ ಕಾಲವು ತಾನಾಗಿ ಹೊರಬೀಳುವದು.

ಎರಡನೆಯದಾಗಿ, ಕಂಡದ್ದನ್ನೂ ಕೇಳಿದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಬರೆಯಬೇಕು. "ಉತಾರದಲ್ಲಿ ಕಂಡದ್ದು", "ಸೋದರತ್ತೆಯ ಬಾಯಿಂದ ಕೇಳಿದ್ದು", "ನನ್ನ ಊಹೆ" ಎಂದು ಪ್ರತಿಯೊಂದರ ಮುಂದೆಯೂ ಗುರುತಿರಲಿ. ಊಹೆಯನ್ನು ಸತ್ಯದೊಡನೆ ಬೆರೆಸಿದರೆ ಮುಂದಿನವರು ಎರಡನ್ನೂ ನಂಬಲಾರರು.

ಮೂರನೆಯದಾಗಿ, ಹಳೆಯ ಕಾಗದ, ಓಲೆ, ಫೋಟೋಗಳ ಚಿತ್ರವನ್ನು ನೆರಳು ಬೀಳದಂತೆ ತೆಗೆದು, ಯಾರು, ಎಲ್ಲಿ, ಯಾವಾಗ ಎಂಬುದನ್ನು ಯೂನಿಕೋಡ್ ಕನ್ನಡದಲ್ಲಿ ಬರೆದು ಜೊತೆಗಿಡಬೇಕು. ಹೆಸರಿಲ್ಲದ ಫೋಟೋವು ಎರಡು ತಲೆಮಾರಿನ ಮೇಲೆ ಅಪರಿಚಿತನ ಫೋಟೋ ಆಗುವದು. ಚಿತ್ರ ತೆಗೆದ ಮೇಲೆ ಮೂಲವನ್ನು ಬಿಸುಡಬೇಡಿರಿ. ಮಗನು ಬೆಳೆದನೆಂದು ತಂದೆಯನ್ನು ಹೊರಗೆ ಹಾಕುವದುಂಟೇ?

ನಾಲ್ಕನೆಯದಾಗಿ, ಮೂರು ಪ್ರತಿಗಳಿರಲಿ: ಒಂದು ಮನೆಯ ಯಂತ್ರದಲ್ಲಿ, ಒಂದು ಅಂತರ್ಜಾಲದಲ್ಲಿ, ಒಂದು ಬೇರೊಂದು ಊರಿನ ಬಂಧುಗಳ ಹತ್ತಿರ. ಮುಖ್ಯವಾದದ್ದನ್ನು ಒಳ್ಳೆಯ ಕಾಗದದ ಮೇಲೆ ಅಚ್ಚುಹಾಕಿಸಿ ಮಠಕ್ಕೂ ಒಪ್ಪಿಸಿರಿ. ಪಾಸ್‌ವರ್ಡು ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಲಿ. ಐದು ವರ್ಷಕ್ಕೊಮ್ಮೆ ತೆರೆದು ನೋಡಿ, ಹೊಸ ಯಂತ್ರಕ್ಕೆ ಸಾಗಿಸಿರಿ. ಓಲೆಯನ್ನು ಹಿರಿಯರು ಕಾಲಕಾಲಕ್ಕೆ ಪ್ರತಿ ಮಾಡಿಸಿದಂತೆಯೇ ಇದು.

ಐದನೆಯದಾಗಿ, ಬದುಕಿರುವವರ ಮಾನವನ್ನು ಕಾಯಬೇಕು. ಅವರ ಜನ್ಮದಿನ, ವಿಳಾಸ, ರೋಗ, ಮನಸ್ತಾಪಗಳನ್ನು ಎಲ್ಲರೂ ನೋಡುವ ತಾಣದಲ್ಲಿ ಹಾಕಬಾರದು. ವಂಚಕರು ಇಂಥ ವಿವರಗಳಿಂದಲೇ ಹಣವನ್ನು ಅಪಹರಿಸುವರು. ಅಗಲಿದವರದು ಲೋಕಕ್ಕೆ, ಇರುವವರದು ಮನೆಗೆ ಎಂಬ ಮರ್ಯಾದೆಯನ್ನು ಇಟ್ಟುಕೊಂಡರೆ ಸ್ಥೂಲವಾಗಿ ಸಾಕು.

ನಮ್ಮ ಮಠದ ಪಾಲಿನ ಕೆಲಸವೂ ಉಂಟು. ಪೂಜ್ಯರ ಅಪ್ಪಣೆಯಂತೆ ಉಳಿದ ದಾಸೋಹದ ವಹಿಗಳ ಚಿತ್ರಗಳನ್ನು ತೆಗೆಯುವ ಕಾರ್ಯವನ್ನು ಪಾಠಶಾಲೆಯ ವಿದ್ಯಾರ್ಥಿಗಳು ಕೈಗೊಂಡಿರುವರು. ಅವರಲ್ಲಿ ಇಬ್ಬರು ಮೋಡಿಯನ್ನು ಕಲಿಯುತ್ತಿರುವರು. ಹೆಳವರು ಯಾರಾದರೂ ನಿಮ್ಮ ಊರಿಗೆ ಬಂದರೆ ಆದರದಿಂದ ಬರಮಾಡಿಕೊಂಡು, ಮರ್ಯಾದೆ ಸಲ್ಲಿಸಿ, ಅವರು ಒಪ್ಪಿದರೆ ಅವರ ಹೊತ್ತಿಗೆಯ ಚಿತ್ರವನ್ನೂ ಅವರ ಧ್ವನಿಯನ್ನೂ ತೆಗೆದುಕೊಂಡು ಮಠಕ್ಕೆ ತಿಳಿಸಿರಿ. ಆ ಹೊತ್ತಿಗೆಯು ಅವರ ಜೀವನೋಪಾಯ. ಅವರ ಅನುಮತಿಯಿಲ್ಲದೆ ಅದನ್ನು ಲೋಕಕ್ಕೆ ಬಿಡುವದು ಧರ್ಮವಲ್ಲ.

ಆ ಪರದೇಶದ ತರುಣನ ಮಾತನ್ನು ಹೇಳಿ ಮುಗಿಸುವೆನು. ಅವನು ಮರಳಿ ಹೋಗುವ ಮುಂಚೆ ಆ ವಹಿಯ ಹಾಳೆಯ ಚಿತ್ರವನ್ನು ತೆಗೆದುಕೊಂಡನು. ಕೆಲವು ತಿಂಗಳ ಮೇಲೆ ಅವನಿಂದ ಒಂದು ಓಲೆ ಬಂದಿತು. ಆ ಚಿತ್ರವನ್ನು ಬಂಧುಗಳಿಗೆಲ್ಲ ಕಳಿಸಿದ್ದನಂತೆ. ಅವರಲ್ಲಿ ಗೋಕಾವಿಯ ಕಡೆಯ ಒಬ್ಬ ವೃದ್ಧೆಯು ಅದನ್ನು ಮೊಮ್ಮಗಳಿಂದ ಓದಿಸಿ ಕೇಳಿ, ಬೆಣ್ಣೆ ಕೊಟ್ಟವಳು ತನ್ನ ತಾಯಿಯ ಅಜ್ಜಿಯೆಂದು ಗುರುತಿಸಿ, ಅವಳ ಹೆಸರನ್ನು ಹೇಳಿದಳಂತೆ. ಪೂಜ್ಯರ ಅಪ್ಪಣೆ ಪಡೆದು ಆ ಹೆಸರನ್ನು ಒಂದು ಚೀಟಿಯ ಮೇಲೆ ಬರೆದು, ಯಾರ ಬಾಯಿಂದ ಕೇಳಿದ್ದೆಂಬುದನ್ನೂ ಬರೆದು, ವಹಿಯ ಆ ಹಾಳೆಗೆ ಸೇರಿಸಿಟ್ಟಿರುವೆನು. ಹೊಳೆಗೆ ಬಿಟ್ಟ ವಹಿಗಳು ಮರಳಿ ಬಾರವು. ಆದರೆ ಭಕ್ತರ ಮನೆಗಳಲ್ಲಿ ಇನ್ನೂ ಉಸಿರಾಡುತ್ತಿರುವ ನೆನಪುಗಳುಂಟು. ಅವು ಹೊಳೆಗೆ ಹೋಗುವ ಮುಂಚೆ ಬರೆದಿಡಿರೆಂದು ಭಕ್ತಮಹಾಶಯರ ಪಾದಗಳಲ್ಲಿ ನನ್ನ ಬಿನ್ನಹ.